ನಾಲ್ಕನೇ ದಿನದಿಂದ ಮನೆಯ ಮಗು
ವಿದೇಶಿ ವಿದ್ಯಾರ್ಥಿಗಳಿಗೆ ಮನೆ ಹುಡುಕಿಕೊಡುವ ಸ್ವಯಂಸೇವೆ: ಗಾದಿಗನೂರಿನಂಥ ಊರಿನಲ್ಲಿ ಇದು ಆಗ್ತದಾ?

ಅತಿಥಿಗೆ ಮೂರು ದಿನದ ಹಕ್ಕು ಉಂಟು ಎಂಬುದು ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು. ಮೂರು ದಿನ ಪತ್ತಿರ್, ಕೋಳಿ ಸಾರು, ನೈಚೋರು. ಕಪಾಟಿನಲ್ಲಿ ಎತ್ತಿಟ್ಟ ಹೊಸ ಬೆಡ್‌ಶೀಟ್ ಹೊರಗೆ ಬರುತ್ತದೆ. ಮಕ್ಕಳು ಜಗಳ ನಿಲ್ಲಿಸುತ್ತಾರೆ. ಉಮ್ಮ ಬೆಳಿಗ್ಗೆ ಬೇಗ ಏಳುತ್ತಾರೆ, ರಾತ್ರಿ ತಡವಾಗಿ ಮಲಗುತ್ತಾರೆ. ಅತಿಥಿ ಹೋದ ಮೇಲೆ ಮನೆ ಮತ್ತೆ ತನ್ನ ಲಯಕ್ಕೆ ಬರುತ್ತದೆ.

ಆದರೆ ಬಂದವರು ಹದಿನಾರು ವರ್ಷದ ವಿದೇಶಿ ಹುಡುಗಿ, ಅವಳು ವಾಪಸ್ ಹೋಗುವುದು ಹತ್ತು ತಿಂಗಳ ನಂತರ ಎಂದಾದರೆ? ನಾಲ್ಕನೇ ದಿನದಿಂದ ಅವಳು ಅತಿಥಿಯಲ್ಲ. ತಟ್ಟೆ ತಾನೇ ತೊಳೆಯಬೇಕು, ಶಾಲೆಗೆ ಹೊರಡಬೇಕು, ಜ್ವರ ಬಂದರೆ ಮಾತ್ರೆ ನುಂಗಬೇಕು, ಮನೆಯ ನೆನಪಾಗಿ ಅತ್ತರೆ ಯಾರಾದರೂ ಪಕ್ಕದಲ್ಲಿ ಕೂರಬೇಕು. ಅಂಥ ಮನೆಯನ್ನು ಹುಡುಕುವುದು ಯಾರ ಕೆಲಸ? ಅದಕ್ಕೊಬ್ಬ ಸ್ವಯಂಸೇವಕ ಇರುತ್ತಾನೆ, ಅಥವಾ ಸ್ವಯಂಸೇವಕಿ ಇರುತ್ತಾಳೆ. ಸಂಬಳ ಇಲ್ಲ, ಕಚೇರಿ ಇಲ್ಲ. ಇಡೀ ವಿದ್ಯಾರ್ಥಿ ವಿನಿಮಯ ವ್ಯವಸ್ಥೆ ಇಂಥವರ ಹೆಗಲ ಮೇಲೆಯೇ ನಿಂತಿದೆ.

ಯಾವುದು ಈ ವಿನಿಮಯ?

ಶಾಲೆಗೆ ಹೋಗುವ ಪ್ರಾಯದ ಮಕ್ಕಳು ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಒಂದು ಕುಟುಂಬದ ಜೊತೆ ವಾಸಿಸಿ, ಅಲ್ಲಿನ ಶಾಲೆಯಲ್ಲಿ ಒಂದು ವರ್ಷ ಕಲಿಯುವ ಏರ್ಪಾಡು ಇದು. ಜಗತ್ತಿನಲ್ಲಿ ಇದನ್ನು ಬೆಳೆಸಿದ ಹಳೆಯ ಸಂಸ್ಥೆಗಳಲ್ಲಿ ಎಎಫ್‌ಎಸ್ ಒಂದು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಗಾಯಾಳು ಸೈನಿಕರನ್ನು ಸಾಗಿಸುತ್ತಿದ್ದ ಆಂಬುಲೆನ್ಸ್ ಚಾಲಕರು ಕಟ್ಟಿದ ಸಂಸ್ಥೆ ಅದು. ಎರಡು ಯುದ್ಧ ನೋಡಿದ ಮೇಲೆ, ಗಾಯಾಳುಗಳನ್ನು ಹೊರುವುದಕ್ಕಿಂತ ಮಕ್ಕಳನ್ನು ಒಬ್ಬರ ಮನೆಗೆ ಇನ್ನೊಬ್ಬರು ಕಳುಹಿಸುವುದು ಮೇಲು ಎಂದು ಅವರಿಗೆ ಕಂಡಿತು. 1947ರಲ್ಲಿ 52 ವಿದ್ಯಾರ್ಥಿಗಳ ಮೊದಲ ತಂಡ ಅಮೆರಿಕಕ್ಕೆ ಹೋಯಿತು. ಇಂದು ಭಾರತದಲ್ಲೂ ಅದರ ಶಾಖೆ ಇದೆ.

ಇನ್ನೊಂದು ರೋಟರಿ ಕ್ಲಬ್‌ಗಳ ಯೂತ್ ಎಕ್ಸ್‌ಚೇಂಜ್. 15ರಿಂದ 19 ವರ್ಷದ ಮಕ್ಕಳಿಗೆ. ದೀರ್ಘಾವಧಿಯಾದರೆ ಒಂದು ಶೈಕ್ಷಣಿಕ ವರ್ಷ, ಅಲ್ಪಾವಧಿಯಾದರೆ ಕೆಲವು ವಾರ. ವರ್ಷಪೂರ್ತಿ ಇರುವ ಮಗುವನ್ನು ಸಾಮಾನ್ಯವಾಗಿ ಒಂದೇ ಮನೆಯಲ್ಲಿ ಬಿಡುವುದಿಲ್ಲ, ಸರದಿಯಂತೆ ಎರಡು ಮೂರು ಮನೆಗಳಲ್ಲಿ ಇಡುತ್ತಾರೆ.

ನಮ್ಮ ಓದುಗರಿಗೆ ಹೆಚ್ಚು ಹತ್ತಿರವಾದದ್ದು ಮೂರನೆಯದು. ಸೆಪ್ಟೆಂಬರ್ 11ರ ದಾಳಿಯ ಮರುವರ್ಷ, ಅಂದರೆ 2002ರಲ್ಲಿ, ಅಮೆರಿಕದ ಸೆನೆಟರ್‌ಗಳಾದ ಎಡ್ವರ್ಡ್ ಕೆನಡಿ ಮತ್ತು ರಿಚರ್ಡ್ ಲೂಗರ್ ಮುಂದೆ ನಿಂತು ‘ಯೆಸ್’ ಎಂಬ ವಿದ್ಯಾರ್ಥಿವೇತನ ತಂದರು. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಹೈಸ್ಕೂಲ್ ಮಕ್ಕಳು ಒಂದು ವರ್ಷ ಅಮೆರಿಕದ ಮನೆಯಲ್ಲಿದ್ದು ಅಲ್ಲಿನ ಶಾಲೆಗೆ ಹೋಗುವ ಯೋಜನೆ ಅದು. ಖರ್ಚು ಅಲ್ಲಿನ ಸರ್ಕಾರದ್ದು. ಭಾರತದ ಮಕ್ಕಳೂ ಇದರಲ್ಲಿ ಆಯ್ಕೆಯಾಗಿ ಹೋಗಿದ್ದಾರೆ. ಆಯ್ಕೆಯಾಗಲು ಮುಸ್ಲಿಮರೇ ಆಗಬೇಕೆಂದೇನೂ ಇಲ್ಲ. 2009ರಿಂದ ಇದರ ಮರುದಾರಿಯೂ ತೆರೆಯಿತು: ಅಮೆರಿಕದ ಮಕ್ಕಳು ಈ ದೇಶಗಳಿಗೆ ಬಂದು ಇಲ್ಲಿನ ಮನೆಗಳಲ್ಲಿ ಇರುವುದು. ಯಾವ ವರ್ಷ ಯಾವ ದೇಶಕ್ಕೆ ಎಂಬ ಪಟ್ಟಿ ಬದಲಾಗುತ್ತಾ ಇರುತ್ತದೆ. ಹಾಗಾಗಿ ಆಯಾ ವರ್ಷದ ಅಧಿಕೃತ ಪ್ರಕಟಣೆ ನೋಡಿಯೇ ಮುಂದುವರಿಯಬೇಕು.

ಇಲ್ಲೊಂದು ವಿಷಯ ಗಮನಿಸಬೇಕು. ನಮ್ಮ ಊರಿನ ಒಂದು ಮಗು ಅಮೆರಿಕಕ್ಕೆ ಹೋದರೆ, ಅಲ್ಲಿ ಅದನ್ನು ಇಟ್ಟುಕೊಳ್ಳುವ ಕುಟುಂಬಕ್ಕೆ ದುಡ್ಡು ಸಿಗುವುದಿಲ್ಲ. ತಾವು ಕಂಡು ಕೇಳದ ಮಗುವಿಗೆ ಅವರು ಕೋಣೆ ಬಿಟ್ಟುಕೊಡುತ್ತಾರೆ. ಹಂದಿಮಾಂಸ ತಿನ್ನದ ಮಗು ಎಂದು ತಿಳಿದು ಅಡುಗೆ ಬೇರೆ ಮಾಡುತ್ತಾರೆ, ನಮಾಝಿಗೆ ಜಾಗ ಬಿಡುತ್ತಾರೆ. ‘ನಮ್ಮ ಹುಡುಗ ಹೋಗಿ ಬರಲಿ’ ಎಂದು ಆಸೆಪಡುವ ನಾವು, ಅವರ ಹುಡುಗ ಇಲ್ಲಿಗೆ ಬಂದಾಗ ಬಾಗಿಲು ತೆರೆಯುತ್ತೇವಾ?

ಮಂಗಳೂರಿನಿಂದ ಹಂಪಿಗೆ ಬಂದ ಅತಿಥಿ

ಕರಾವಳಿಯಿಂದ ಘಟ್ಟ ಹತ್ತಿ ಹೊಸಪೇಟೆ, ಸಂಡೂರು, ತೋರಣಗಲ್ಲಿನ ಕಡೆಗೆ ವ್ಯಾಪಾರಕ್ಕೆ ಬಂದ ನಮ್ಮವರು ಹಿಡಿದ ದಾರಿ ಹೊಸತೇನಲ್ಲ. 1443ರಲ್ಲಿ ಪರ್ಷಿಯಾದ ಶಾರುಖ್ ದೊರೆಯ ರಾಯಭಾರಿ ಅಬ್ದುರ್ರಝಾಕ್ ಕಲ್ಲಿಕೋಟೆಯಿಂದ ಸಮುದ್ರದ ಮೇಲೆ ಮಂಗಳೂರಿಗೆ ಬಂದು, ಅಲ್ಲಿಂದ ನೆಲದ ದಾರಿಯಲ್ಲಿ ವಿಜಯನಗರ ತಲುಪಿದರು. ಎರಡನೇ ದೇವರಾಯ ಅವರಿಗೆ ಎತ್ತರದ ಒಂದು ಮನೆ ಕೊಡಿಸಿದ. ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಅಕ್ಕಿ, ಬೆಣ್ಣೆ, ಸಕ್ಕರೆ, ಜೊತೆಗೆ ಎರಡು ವರಹ. ಇದನ್ನು ಅವರೇ ಬರೆದಿಟ್ಟಿದ್ದಾರೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ‘ಈತ ನಿಜವಾದ ರಾಯಭಾರಿಯೇ ಅಲ್ಲ’ ಎಂದು ಹರ್ಮುಝಿನಿಂದ ಬಂದಿದ್ದ ಕೆಲವರು ಗುಲ್ಲೆಬ್ಬಿಸಿದರು. ಆಮೇಲೆ ಅದೇ ಅತಿಥಿಗೆ ದಿನದ ಪಡಿ ನಿಂತುಹೋಯಿತು. ಊಟ ಕೊಡುವ ಕೈ ದೊಡ್ಡದಾಗಿದ್ದರೂ, ಬಂದವರು ಯಾರು, ಕಳಿಸಿದವರು ಯಾರು, ನಡುವೆ ನಿಂತು ಜವಾಬ್ದಾರಿ ಹೊರುವವರು ಯಾರು ಎಂಬುದು ಸ್ಪಷ್ಟವಾಗಿರದಿದ್ದರೆ ಆತಿಥ್ಯ ಒಂದು ಗಾಳಿಮಾತಿಗೆ ಮುರಿದುಬೀಳುತ್ತದೆ. ಸ್ವಯಂಸೇವಕ ಬೇಕಾಗುವುದು ಈ ನಡುವಿನ ಜಾಗಕ್ಕೆ.

ಗಾದಿಗನೂರಿನ ಲೆಕ್ಕ

ಗಾದಿಗನೂರು ಹೊಸಪೇಟೆಯಿಂದ ಬಳ್ಳಾರಿ ಕಡೆಗೆ ಹೋಗುವ ಹೆದ್ದಾರಿ ಮತ್ತು ರೈಲು ದಾರಿಯ ಮೇಲಿನ ಊರು. ಒಂದು ಕಡೆ ಹೊಸಪೇಟೆ, ಇನ್ನೊಂದು ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. ಒತ್ತಿನಲ್ಲೇ ಸಂಡೂರಿನ ಗುಡ್ಡಗಳು, ಆಚೆಗೆ ಹಂಪಿ, ದರೋಜಿಯ ಕರಡಿಧಾಮ, ಕಂಪ್ಲಿಯ ಗದ್ದೆಗಳು. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಬಗೆಯ ಬದುಕು ಒಬ್ಬ ವಿದ್ಯಾರ್ಥಿಗೆ ಬೇರೆಲ್ಲಿ ನೋಡಲು ಸಿಗುತ್ತದೆ?

ಆದರೆ ವಿನಿಮಯ ವಿದ್ಯಾರ್ಥಿ ಪ್ರವಾಸಿಯಲ್ಲ. ಅವಳಿಗೆ ಮೊದಲು ಬೇಕಾದದ್ದು ಶಾಲೆ. ಇಂಗ್ಲಿಷ್‌ನಲ್ಲಿ ಪಾಠ ನಡೆಯುವ, ವಿದೇಶಿ ಮಗುವನ್ನು ಸೇರಿಸಿಕೊಳ್ಳಲು ಒಪ್ಪುವ, ಅದರ ಕಾಗದಪತ್ರ ನೋಡಿಕೊಳ್ಳುವ ಶಾಲೆ. ಅಂಥದ್ದನ್ನು ಹುಡುಕಲು ಹೊಸಪೇಟೆ ಅಥವಾ ತೋರಣಗಲ್ಲಿನ ಕಡೆಗೇ ನೋಡಬೇಕು. ದಿನಾ ಅದಿರಿನ ಲಾರಿಗಳ ನಡುವೆ ಹೋಗಿ ಬರುವ ಪ್ರಯಾಣ ಹತ್ತು ತಿಂಗಳು ಆಗ್ತದಾ ಎಂಬುದನ್ನು ಮೊದಲೇ ಯೋಚಿಸಬೇಕು.

ಹಾಗಾಗಿ ಗಾದಿಗನೂರಿನಂಥ ಊರಿನ ಮನೆಗೆ ಎರಡು ಪಾತ್ರ ಚೆನ್ನಾಗಿ ಹೊಂದುತ್ತವೆ. ಒಂದು, ಕೆಲವೇ ವಾರಗಳ ಅಲ್ಪಾವಧಿ ವಿದ್ಯಾರ್ಥಿಗೆ ಮನೆಯಾಗುವುದು. ಎರಡು, ಹೊಸಪೇಟೆಯಲ್ಲಿ ಇರುವ ವರ್ಷಾವಧಿ ವಿದ್ಯಾರ್ಥಿಗೆ ರಜೆಯ ಮನೆಯಾಗುವುದು. ಹಬ್ಬಕ್ಕೆ, ಮದುವೆಗೆ, ವಾರದ ಕೊನೆಗೆ ಬಂದು ಹೋಗುವ ಮನೆ. ಇದೂ ಸಂಸ್ಥೆಗೆ ತಿಳಿಸಿ, ಅನುಮತಿ ಪಡೆದೇ ಆಗಬೇಕು. ಊರು ಸಣ್ಣದು ಎಂದು ಸಂಕೋಚಪಡುವುದೂ ಬೇಡ, ಆಗದ್ದನ್ನು ಆಗ್ತದೆ ಎಂದು ಒಪ್ಪಿಕೊಳ್ಳುವುದೂ ಬೇಡ.

ಮೊದಲು ಉಮ್ಮನ ಹತ್ತಿರ ಕೇಳಿ

ಮನೆ ಹುಡುಕಲು ಹೊರಟವರು ಸಾಮಾನ್ಯವಾಗಿ ಮಸೀದಿಯ ಅಂಗಳದಲ್ಲೋ ಅಂಗಡಿಯಲ್ಲೋ ಗಂಡಸರ ಹತ್ತಿರ ಮಾತಾಡುತ್ತಾರೆ. ಅವರು ಅಲ್ಲಿಯೇ ‘ಓ, ಅದಕ್ಕೇನಂತೆ, ಕಳಿಸಿ’ ಎಂದು ಒಪ್ಪಿಬಿಡುತ್ತಾರೆ. ಕೆಲಸ ಬೀಳುವುದು ಮಾತ್ರ ಆ ಮಾತುಕತೆಯಲ್ಲಿ ಇಲ್ಲದವರ ಮೇಲೆ. ಬೆಳಗಿನ ತಿಂಡಿ, ಶಾಲೆಯ ಬುತ್ತಿ, ಬಟ್ಟೆ, ಹುಷಾರಿಲ್ಲದ ರಾತ್ರಿ ಎಲ್ಲವೂ ಮನೆಯ ಹೆಂಗಸರ ಪಾಲಿಗೆ. ಆದ್ದರಿಂದ ಉಮ್ಮ ಬೇಡ ಎಂದ ಮನೆ ಆ ಮಟ್ಟಿಗೆ ಮುಗಿಯಿತು. ಬಾಪ ಎಷ್ಟು ಒತ್ತಾಯಿಸಿದರೂ ಸ್ವಯಂಸೇವಕ ಅಲ್ಲಿಂದ ನಗುತ್ತಾ ಎದ್ದು ಬರಬೇಕು.

ಮನೆಗಳಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ.

‘ನಮ್ಮ ಮನೆ ಸಣ್ಣದು ಮಾರಾಯ್ರೆ, ಎಲ್ಲಿ ಮಲಗಿಸುದು?’ ಬಂಗಲೆ ಬೇಕಾಗಿಲ್ಲ. ಬೇರೆ ಹಾಸಿಗೆ, ಓದಲು ಒಂದು ಮೂಲೆ, ಒಳಗಿನಿಂದ ಚಿಲಕ ಬೀಳುವ ಬಚ್ಚಲು ಮತ್ತು ಶೌಚಾಲಯ ಬೇಕು. ಹುಡುಗಿಯಾದರೆ ಮನೆಯ ಹುಡುಗಿಯ ಜೊತೆ ಕೋಣೆ ಹಂಚಿಕೊಳ್ಳಬಹುದು, ಅದಕ್ಕೂ ಸಂಸ್ಥೆಯ ಒಪ್ಪಿಗೆ ಇರಬೇಕು.

‘ಅವಳು ಮೀನು ತಿಂತಾಳಾ? ಖಾರ ಆಗ್ತದಾ?’ ಮೊದಲ ವಾರ ಆಗುವುದಿಲ್ಲ, ಎರಡನೇ ತಿಂಗಳಿಗೆ ಅವಳೇ ಕೇಳಿ ಹಾಕಿಸಿಕೊಳ್ಳಬಹುದು. ಮುಖ್ಯ ವಿಷಯ ಬೇರೆ ಉಂಟು. ರಂಝಾನ್ ತಿಂಗಳಲ್ಲಿ ಇಡೀ ಮನೆ ಉಪವಾಸ ಇದ್ದಾಗ ಅವಳಿಗೆ ಮಧ್ಯಾಹ್ನದ ಊಟ ಯಾರು ಕೊಡುತ್ತಾರೆ? ಈ ಪ್ರಶ್ನೆಯನ್ನು ಮುಂಚೆಯೇ ಕೇಳಿ ಉತ್ತರ ಪಡೆಯಬೇಕು. ಅವಳು ಆಸೆಪಟ್ಟು ಒಂದು ದಿನ ಉಪವಾಸ ಹಿಡಿದರೆ ಅದು ಅವಳ ಇಷ್ಟ. ಒತ್ತಾಯ ಸಲ್ಲದು, ಉಪವಾಸ ಇಲ್ಲ ಎಂದು ಮುಖ ಸಪ್ಪಗೆ ಮಾಡುವುದೂ ಸಲ್ಲದು.

‘ಡ್ರೆಸ್ ಹೇಗೆ? ನಮ್ಮ ಮನೆಗೆ ಹೊಂದ್ತದಾ?’ ಮನೆಯ ರೀತಿ ಹೀಗೆ, ಹೊರಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ, ಮನೆಯೊಳಗೆ ಮದ್ಯ ಮತ್ತು ಹಂದಿಮಾಂಸ ಇಲ್ಲ ಎಂದು ನೇರವಾಗಿ ಹೇಳಬಹುದು. ಅದು ತಪ್ಪಲ್ಲ. ತಲೆಗೆ ವಸ್ತ್ರ ಹಾಕಿಕೋ, ಮದ್ರಸಕ್ಕೆ ಬಾ ಎನ್ನುವುದು ಮಾತ್ರ ತಪ್ಪು. ಅವಳು ಭಾನುವಾರ ಚರ್ಚಿಗೆ ಹೋಗಬೇಕೆಂದರೆ ಕರೆದುಕೊಂಡು ಹೋಗಿ ಬಿಡುವ ಮನಸ್ಸು ಮನೆಗೆ ಇರಬೇಕು. ಅವಳ ಧರ್ಮ ಬದಲಾಯಿಸುವ ಆಸೆ ಯಾರಿಗಾದರೂ ಇದೆ ಎಂದು ಗೊತ್ತಾದರೆ ಆ ಮನೆ ಪಟ್ಟಿಯಲ್ಲಿ ಇರಬಾರದು.

‘ನಮಗೆ ಎಷ್ಟು ಕೊಡ್ತಾರೆ?’ ಈ ಸ್ವಯಂಸೇವೆಯ ಕಾರ್ಯಕ್ರಮಗಳಲ್ಲಿ ಮನೆಯವರಿಗೆ ಬಾಡಿಗೆ ಇಲ್ಲ. ಮಗುವಿಗೆ ಆರೋಗ್ಯ ವಿಮೆ ಇರುತ್ತದೆ, ಕೈಖರ್ಚಿನ ಹಣ ಬೇರೆ. ಕುಟುಂಬ ಕೊಡುವುದು ಊಟ, ಹಾಸಿಗೆ, ಕಾಳಜಿ. ದುಡ್ಡಿಗಾಗಿ ಮನೆ ಕೊಡುವುದಾದರೆ ಅದಕ್ಕೆ ಹೋಂಸ್ಟೇ ಎಂಬ ಬೇರೆ ಉದ್ಯೋಗ ಉಂಟು, ಅದರ ಪರವಾನಗಿ ಬೇರೆ. ಹಾಗೆಯೇ, ‘ನಿಮ್ಮ ಮಗನನ್ನು ಕಳಿಸ್ತೇವೆ, ಮೊದಲು ಡೆಪಾಸಿಟ್ ಕೊಡಿ’ ಎಂದು ನಿಮ್ಮಿಂದ ದುಡ್ಡು ಕೇಳುವ ಏಜೆಂಟ್ ಬಂದರೆ ಅಲ್ಲಿಗೇ ಬಾಗಿಲು ಹಾಕಿ.

ಸ್ವಯಂಸೇವಕ ಕೇಳಬೇಕಾದ ಪ್ರಶ್ನೆಗಳು

ಮನೆಯವರ ಪ್ರಶ್ನೆ ಮುಗಿದ ಮೇಲೆ ಸ್ವಯಂಸೇವಕನ ಸರದಿ. ನಮ್ಮಲ್ಲಿ ಇದು ಕಷ್ಟ. ‘ಗೊತ್ತಿರುವ ಜನ, ಒಳ್ಳೆಯ ಮನೆತನ, ಅವರನ್ನು ಹೇಗೆ ಕೇಳುದು?’ ಎಂಬ ದಾಕ್ಷಿಣ್ಯ ಅಡ್ಡ ಬರುತ್ತದೆ. ಆದರೆ ಬೇರೆ ಕಡೆ ಇದು ಹೇಗೆ ನಡೆಯುತ್ತದೆ ನೋಡಿ. ಅಮೆರಿಕದ ಸರ್ಕಾರಿ ನಿಯಮದ ಪ್ರಕಾರ, ವಿನಿಮಯ ವಿದ್ಯಾರ್ಥಿಯನ್ನು ಇಟ್ಟುಕೊಳ್ಳುವ ಮನೆಯಲ್ಲಿ 18 ದಾಟಿದ ಪ್ರತಿಯೊಬ್ಬರ ಅಪರಾಧ ಹಿನ್ನೆಲೆ ಪರಿಶೀಲಿಸಬೇಕು. ಮನೆಗೇ ಹೋಗಿ ಸಂದರ್ಶನ ಮಾಡಬೇಕು. ಹೊರಗಿನ ಇಬ್ಬರ ಅಭಿಪ್ರಾಯ ಪಡೆಯಬೇಕು. ಆ ಬಳಿಕ ತಿಂಗಳಿಗೆ ಒಮ್ಮೆಯಾದರೂ ಮಗುವಿನ ಜೊತೆಯೂ ಮನೆಯವರ ಜೊತೆಯೂ ಸಂಪರ್ಕ ಇಟ್ಟುಕೊಳ್ಳಬೇಕು. ಮಗುವಿನ ಮೇಲ್ವಿಚಾರಣೆ ನೋಡುವವರೇ ಅದೇ ಮಗುವಿಗೆ ಮನೆಯವರೂ ಆಗುವಂತಿಲ್ಲ. ರೋಟರಿಯಲ್ಲಿ ಮುಂಚಿತವಾಗಿ ತಿಳಿಸಿ ಹೋಗುವ ಭೇಟಿಯೂ ಉಂಟು, ತಿಳಿಸದೆ ಹೋಗುವ ಭೇಟಿಯೂ ಉಂಟು. ಪ್ರತಿ ವಿದ್ಯಾರ್ಥಿಗೆ ಆ ಮನೆಗೆ ಸೇರದ ಒಬ್ಬ ಸಲಹೆಗಾರ ಇರುತ್ತಾರೆ.

ನಮ್ಮ ಮಗಳು ಅಲ್ಲಿಗೆ ಹೋದಾಗ ಈ ನಿಯಮಗಳೆಲ್ಲ ಇರಲಿ ಎಂದು ನಾವು ಬಯಸುವುದಿಲ್ಲವೇ? ಹಾಗಿದ್ದರೆ ಇಲ್ಲಿಯೂ ಕೇಳಬೇಕು. ಮನೆಯಲ್ಲಿ ಯಾರೆಲ್ಲ ಇದ್ದಾರೆ? ಗಲ್ಫಿನಿಂದ ರಜೆಗೆ ಬಂದು ಉಳಿಯುವ ಸಂಬಂಧಿಕರು ಯಾರು? ಮೇಲಿನ ಮಹಡಿಯ ಬಾಡಿಗೆದಾರರು, ಅಂಗಡಿಯಲ್ಲಿ ಕೆಲಸಕ್ಕಿದ್ದು ಮನೆಯಲ್ಲಿ ಮಲಗುವ ಹುಡುಗರು ಇದ್ದಾರಾ? ಪೊಲೀಸ್ ವೆರಿಫಿಕೇಶನ್‌ಗೆ ಎಲ್ಲರೂ ಒಪ್ಪುತ್ತಾರಾ? ‘ನಮ್ಮನ್ನೇ ಅನುಮಾನಿಸ್ತೀರಾ?’ ಎಂದು ಸಿಟ್ಟಾಗುವ ಮನೆಗೆ ಗೌರವದಿಂದ ಸಲಾಂ ಹೇಳಿ ಬರಬಹುದು. ಒಳ್ಳೆಯ ಮನೆ ಪರಿಶೀಲನೆಗೆ ಹೆದರುವುದಿಲ್ಲ.

ಈ ಎಚ್ಚರ ಯಾಕೆ ಎಂದು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. 2025ರ ಮಾರ್ಚ್‌ನಲ್ಲಿ ಹಂಪಿಯ ಹೊಳೆಯಾಚೆ ಸಾಣಾಪುರದ ಬಳಿ ಒಬ್ಬ ವಿದೇಶಿ ಪ್ರವಾಸಿ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು, ಜೊತೆಗಿದ್ದ ಒಬ್ಬ ಯುವಕನ ಜೀವ ಹೋಯಿತು. ಅತಿಥಿಯೂ ಅತಿಥಿಯನ್ನು ನೋಡಿಕೊಂಡವರೂ ಒಟ್ಟಿಗೇ ಬಲಿಯಾದ ಘಟನೆ ಅದು. ಇದನ್ನು ಕಂಡ ಮೇಲೂ ‘ನಮ್ಮ ಊರಲ್ಲಿ ಏನೂ ಆಗುದಿಲ್ಲ’ ಎಂದು ದೂರದ ತಂದೆತಾಯಿಗೆ ಬಾಯಿಮಾತಿನ ಭರವಸೆ ಕೊಡುವುದು ನ್ಯಾಯವಲ್ಲ. ಕತ್ತಲಾದ ಮೇಲೆ ಯಾರ ಜೊತೆ ಹೊರಗೆ ಹೋಗಬಹುದು, ಕಾಲುವೆ ಹೊಳೆಗಳ ಕಡೆ ಹೋಗಬಹುದಾ, ತಡವಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಮೊದಲ ದಿನವೇ ತೀರ್ಮಾನ ಆಗಬೇಕು.

ಕಾನೂನಿನ ಬಾಬ್ತು

ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ಸರ್ಕಾರಕ್ಕೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಜನ ಇದನ್ನು ಸಿ-ಫಾರಂ ಎಂದು ಕರೆಯುತ್ತಾರೆ. ಇದು ಹೋಟೆಲ್‌ಗಳಿಗೆ ಮಾತ್ರ ಎಂದು ತುಂಬ ಜನ ತಿಳಿದಿದ್ದಾರೆ. ಖಾಸಗಿ ಮನೆಗೂ ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 1ರಂದು ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ಹಾಗಾಗಿ ಹಳೆಯ ತಿಳಿವಳಿಕೆಯ ಮೇಲೆ ನಡೆಯದೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯಲ್ಲಿ ಈಗಿನ ಕ್ರಮ ಕೇಳಿಕೊಳ್ಳಬೇಕು. ದೀರ್ಘ ಅವಧಿಗೆ ಬಂದ ವಿದ್ಯಾರ್ಥಿಯ ನೋಂದಣಿ ಬೇರೆ ಇರುತ್ತದೆ. ಶಾಲೆಯೂ ಮಾಹಿತಿ ಕೊಡಬೇಕು. ಇದನ್ನೆಲ್ಲ ಸಂಸ್ಥೆ ಮಾಡಿಸಿದರೂ, ಮಾಡಿದ ದಾಖಲೆಯ ಒಂದು ಪ್ರತಿ ಮನೆಯಲ್ಲಿರಲಿ.

18 ತುಂಬದ ಯಾರೇ ಆಗಲಿ, ಯಾವ ದೇಶದವರೇ ಆಗಲಿ, ಇಲ್ಲಿ ಇರುವಷ್ಟು ದಿನ 2012ರ ಪೋಕ್ಸೋ ಕಾಯ್ದೆಯ ರಕ್ಷಣೆ ಇದೆ. ಅನುಚಿತ ವರ್ತನೆ ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಕರ್ತವ್ಯ. ಮನೆಯ ಮರ್ಯಾದೆ, ಜಮಾಅತಿನ ಮರ್ಯಾದೆ ಎಂದು ಒಳಗೊಳಗೆ ಪಂಚಾಯಿತಿ ಮಾಡಿ ಮುಗಿಸಲು ಯಾರಿಗೂ ಅಧಿಕಾರ ಇಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಈ ಎರಡು ನಂಬರ್ ಮತ್ತು ಸ್ವಯಂಸೇವಕರ ನಂಬರ್ ಮಗುವಿನ ಫೋನಿನಲ್ಲಿ ಮೊದಲ ದಿನವೇ ಇರಬೇಕು.

ಇನ್ನೊಂದು ಸಣ್ಣ ವಿಷಯ. ರೋಟರಿ ವಿದ್ಯಾರ್ಥಿಗಳು ವಾಹನ ಓಡಿಸುವಂತಿಲ್ಲ. ‘ಒಂದು ರೌಂಡ್ ಹೋಗಿ ಬರಲಿ’ ಎಂದು ಪ್ರೀತಿಯಿಂದ ಬೈಕಿನ ಕೀ ಕೊಡುವ ಮಾವಂದಿರು ಇದನ್ನು ನೆನಪಿಡಬೇಕು. ಮಗು ಬಂದ ದಿನವೇ ಫೋಟೊ ತೆಗೆದು ಹತ್ತು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ನೆಂಟರನ್ನೆಲ್ಲ ಕರೆದು ನೋಡಿಸುವುದು ಕೂಡ ಬೇಡ. ಅದು ಮಗು, ಉರೂಸಿನ ಪ್ರದರ್ಶನವಲ್ಲ.

ಹೊಂದದೆ ಹೋದರೆ?

ಎಲ್ಲ ನೋಡಿ ಮಾಡಿದರೂ ಕೆಲವೊಮ್ಮೆ ಹೊಂದುವುದಿಲ್ಲ. ಹುಡುಗ ದಿನವಿಡೀ ಬಾಗಿಲು ಹಾಕಿ ಫೋನಿನಲ್ಲಿ ಊರಿನವರ ಜೊತೆ ಮಾತಾಡುತ್ತಾನೆ. ಮನೆಯವರಿಗೆ ಅದು ಸೊಕ್ಕು ಎಂದು ಕಾಣುತ್ತದೆ, ಅವನಿಗೆ ಅದು ಮನೆಯ ನೆನಪು. ಎಲ್ಲ ಕೋಣೆಗೂ ಬಾಗಿಲು ಬಡಿಯದೆ ಹೋಗುವುದು ನಮಗೆ ಸಲುಗೆ, ಅವನಿಗೆ ಅದು ಕಿರುಕುಳ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಕರೆಂಟ್ ಹೋದ ಮಧ್ಯಾಹ್ನ ಯಾರಿಗೂ ತಾಳ್ಮೆ ಇರುವುದಿಲ್ಲ.

ಇಂಥ ಸಮಯದಲ್ಲಿ ಸ್ವಯಂಸೇವಕ ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಕೇಳಬೇಕು. ಮಗುವಿನ ಜೊತೆ ಮಾತಾಡುವಾಗ ಮನೆಯವರು ಪಕ್ಕದಲ್ಲಿ ಕೂತಿರಬಾರದು, ಅವರು ಎಷ್ಟೇ ಒಳ್ಳೆಯವರಾಗಿರಲಿ. ಹೆಚ್ಚಿನ ತಕರಾರು ಚಹಾ ಕುಡಿಯುತ್ತಾ ಮುಗಿಯುವಂಥದ್ದು. ಮುಗಿಯದಿದ್ದರೆ ಮಗುವನ್ನು ಬೇರೆ ಮನೆಗೆ ಕಳಿಸಬೇಕು. ಇದಕ್ಕಾಗಿಯೇ ಮೊದಲಿನಿಂದ ಎರಡನೇ ಮನೆಯೊಂದು ಸಿದ್ಧವಿರಬೇಕು.

ನಮ್ಮ ಸಮಾಜ ಕಲಿಯಬೇಕಾದ ಪಾಠ ಇದು. ಮಗು ಮನೆ ಬದಲಿಸಿದರೆ ‘ಆ ಮನೆಯಲ್ಲಿ ಏನೋ ಆಗಿದೆ’ ಎಂದು ಪಿಸುಗುಡುವುದು ಬೇಡ. ಹಾಗೆ ಪಿಸುಗುಟ್ಟಿದರೆ ಮುಂದಿನ ಸಲ ಯಾವ ಮನೆಯೂ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಸರು ಕೆಡುತ್ತದೆಂದು ಸುಮ್ಮನಿರುತ್ತದೆ, ಮಗುವೂ ಸುಮ್ಮನಿರುತ್ತದೆ. ಅಪಾಯ ಇರುವುದು ಈ ಮೌನದಲ್ಲಿ. ‘ನಮ್ಮಿಂದ ಆಗುದಿಲ್ಲ’ ಎಂದು ಒಪ್ಪಿಕೊಂಡ ಮನೆಯ ಮೇಲೆ ಗೌರವ ಹೆಚ್ಚಾಗಬೇಕು.

ಶುರು ಮಾಡುವುದು ಹೇಗೆ?

ಆಸಕ್ತಿ ಇದ್ದವರು ಇದನ್ನು ಒಬ್ಬರೇ ಮಾಡಲು ಹೊರಡಬೇಡಿ. ಹತ್ತಿರದ ರೋಟರಿ ಕ್ಲಬ್‌ನಲ್ಲಿ ಯೂತ್ ಎಕ್ಸ್‌ಚೇಂಜ್ ನೋಡಿಕೊಳ್ಳುವವರನ್ನು ಕೇಳಿ, ಅಥವಾ ಎಎಫ್‌ಎಸ್‌ನ ಭಾರತದ ಕಚೇರಿಗೆ ಬರೆಯಿರಿ. ಅವರು ಸ್ವಯಂಸೇವಕರ ಹಿನ್ನೆಲೆಯನ್ನೂ ಪರಿಶೀಲಿಸುತ್ತಾರೆ, ತರಬೇತಿ ಕೊಡುತ್ತಾರೆ. ಮನೆ ಹುಡುಕುವ ಕೆಲಸಕ್ಕೆ ಒಬ್ಬ ಗಂಡಸು, ಒಬ್ಬ ಹೆಂಗಸು ಜೊತೆಯಾಗಿ ಹೋದರೆ ಒಳಮನೆಯ ಮಾತೂ ಹೊರಮನೆಯ ಮಾತೂ ಕೇಳಲು ಸಿಗುತ್ತದೆ. ಕಾಲೇಜು ಮುಗಿಸಿ ಮನೆಯಲ್ಲಿರುವ, ಇಂಗ್ಲಿಷ್ ಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಇದು ಹೇಳಿ ಮಾಡಿಸಿದಂಥ ಕೆಲಸ.

ಮೊದಲ ವರ್ಷ ವಿದ್ಯಾರ್ಥಿಯನ್ನು ತರಿಸುವ ಆತುರವೂ ಬೇಡ. ಐದು ಮನೆಗಳಿಗೆ ಹೋಗಿ, ಕೂತು ಮಾತಾಡಿ. ಮೂರು ಮನೆಯವರು ಬೇಡ ಎನ್ನಬಹುದು. ಒಬ್ಬರು ನೋಡೋಣ ಎನ್ನಬಹುದು. ಒಬ್ಬರು ಯೋಚಿಸಿ, ಮನೆಯವರೆಲ್ಲರನ್ನೂ ಕೇಳಿ, ವಾರದ ಬಳಿಕ ಫೋನ್ ಮಾಡಿ, ‘ರಂಝಾನಿನಲ್ಲಿ ಮಧ್ಯಾಹ್ನದ ಊಟ ನಾನೇ ಮಾಡಿ ಕೊಡ್ತೇನೆ, ಅದೊಂದು ತೊಂದರೆ ಇಲ್ಲ’ ಎಂದು ಹೇಳಬಹುದು. ನೀವು ಹುಡುಕುತ್ತಿದ್ದ ಮನೆ ಅದು. ಅವರ ಹೆಸರನ್ನು ಮೊದಲು ಬರೆದುಕೊಳ್ಳಿ.